ಲಯ ತಪ್ಪಿದ ಹೃದಯಕ್ಕೂ ನಡಿಗೆ ಬೇಕು

ಮೂರೂವರೆ ದಶಕಗಳ ಚಿಕಿತ್ಸಾವೃತ್ತಿಯಲ್ಲಿ ನಾವು ಅಸಂಖ್ಯ ಜನರ ನಾಡಿ ನೋಡಿದ್ದೇವೆ. ಕೆಲವು ನಾಡಿಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ: ಎರಡು ಬಡಿತ ಬೇಗ, ಒಂದು ತಡ, ಇನ್ನೊಂದು ಕ್ಷೀಣ. ಅಂಥವರಿಗೆ ಇ.ಸಿ.ಜಿ. ಮಾಡಿಸಲು ಹೇಳುತ್ತೇವೆ. ಅನೇಕ ಸಲ ಅದು ಏಟ್ರಿಯಲ್ ಫಿಬ್ರಿಲೇಷನ್ ಎಂಬ ವ್ಯಾಧಿಯಾಗಿರುತ್ತದೆ. ಇದರಲ್ಲಿ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಸರಿಯಾಗಿ ಸಂಕುಚಿಸದೆ, ನಿಮಿಷಕ್ಕೆ 350ಕ್ಕೂ ಹೆಚ್ಚು ಬಾರಿ ಕಂಪಿಸುತ್ತವೆ. ಕೆಳಗಿನ ಕೋಣೆಗಳು ಲಯ ತಪ್ಪಿ ಬಡಿಯುತ್ತವೆ.

ಈಚೆಗೆ ನಮ್ಮಲ್ಲಿಗೆ ಬಂದ ನಿವೃತ್ತ ಶಿಕ್ಷಕರೊಬ್ಬರು ಆರು ತಿಂಗಳಿಂದ ವಾಯುವಿಹಾರವನ್ನೇ ಬಿಟ್ಟಿದ್ದರು. ನಡೆಯುವಾಗ ಕೈಗಡಿಯಾರವು ಒಮ್ಮೆ 130 ತೋರಿಸಿತೆಂಬುದೇ ಅವರ ಭಯ. ಕುಳಿತಲ್ಲೇ ಅವರ ತೂಕವೂ ರಕ್ತದೊತ್ತಡವೂ ಏರಿದ್ದವು. ಇವೆರಡೂ ಈ ವ್ಯಾಧಿಯನ್ನು ಪೋಷಿಸುವಂಥವು. ಭಯದಿಂದ ನಡಿಗೆಯನ್ನು ತ್ಯಜಿಸುವುದು ಸರಿಯಲ್ಲವೆಂಬುದು ನಮ್ಮ ದೃಢ ಅಭಿಪ್ರಾಯ.

ಈ ವ್ಯಾಧಿಯಲ್ಲಿ ಕೈಗಡಿಯಾರದ ಅಂಕಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ದುರ್ಬಲ ಬಡಿತಗಳು ಕೆಲವೊಮ್ಮೆ ಮಣಿಕಟ್ಟನ್ನು ತಲುಪುವುದೇ ಇಲ್ಲ. 220ರಿಂದ ವಯಸ್ಸನ್ನು ಕಳೆಯುವ ಸೂತ್ರವೂ ಇಲ್ಲಿ ನಂಬಲರ್ಹವಲ್ಲ. ಐದು ನಿಮಿಷ ವಿಶ್ರಮಿಸಿ, ಪೂರ್ಣ 60 ಸೆಕೆಂಡು ನಾಡಿ ಎಣಿಸಿ ಬರೆದಿಡಿರಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ವಿಶ್ರಾಂತಿಯಲ್ಲೇ ನಾಡಿ 110 ದಾಟುತ್ತಿದ್ದರೆ ಅಥವಾ 50ಕ್ಕಿಂತ ಕೆಳಗಿಳಿಯುತ್ತಿದ್ದರೆ, ಮೊದಲು ಹೃದ್ರೋಗ ತಜ್ಞರನ್ನು ಕಾಣಿರಿ, ವ್ಯಾಯಾಮ ಆಮೇಲೆ.

ನಡೆಯುವಾಗ ಉಸಿರೇ ಅಳತೆಗೋಲು. ವ್ಯಾಯಾಮವನ್ನು ಅರ್ಧಬಲದಷ್ಟಕ್ಕೆ ನಿಲ್ಲಿಸಬೇಕೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ; ಉಸಿರು ಬಾಯಿಗೆ ಬರತೊಡಗುವುದೇ ಅದರ ಲಕ್ಷಣ. ಇಂದಿನ ವೈದ್ಯರು ಹೇಳುವುದೂ ಇದಕ್ಕೆ ಸಮೀಪವೇ: ಜೊತೆಗಾರರೊಡನೆ ಮಾತನಾಡಲು ಸಾಧ್ಯವಾಗಬೇಕು, ವಚನ ಹಾಡಲು ಕಷ್ಟವಾಗಬೇಕು, ಅಷ್ಟೇ ವೇಗ ಸಾಕು. ಮೊದಲು ದಿನಕ್ಕೆ ಹತ್ತು ನಿಮಿಷ ನಡೆದು, ಕ್ರಮೇಣ ವಾರದಲ್ಲಿ ಐದು ದಿನ ಅರ್ಧ ಗಂಟೆಗೆ ಏರಿಸಿರಿ. ಆರಂಭವೂ ಅಂತ್ಯವೂ ನಿಧಾನವಾಗಿರಲಿ. ಎದೆನೋವು, ತಲೆಸುತ್ತು, ಅತಿಯಾದ ಏದುಸಿರು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರ ನೆರವು ಪಡೆಯಿರಿ.

ಇನ್ನೊಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. “ಇಂಗ್ಲಿಷ್ ಗುಳಿಗೆ ಬಿಡಿಸಿ, ನಿಮ್ಮ ಕಷಾಯವನ್ನೇ ಕೊಡಿ ಡಾಕ್ಟರೇ” ಎಂದು ಭಕ್ತರು ಕೇಳುವುದುಂಟು. ಕಂಪಿಸುವ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಸಾಗಿದರೆ ಪಾರ್ಶ್ವವಾಯು ತಪ್ಪದು. ಅದನ್ನು ತಡೆಯಲು ತಜ್ಞರು ಕೊಟ್ಟ ಗುಳಿಗೆಗೆ ಬದಲಿ ನಮ್ಮ ಕಷಾಯಗಳಲ್ಲಿಲ್ಲ. ಆಯುರ್ವೇದ ವೈದ್ಯರಾಗಿಯೇ ಇದನ್ನು ಹೇಳುತ್ತಿದ್ದೇವೆ. ನಡಿಗೆಯಿಂದ ಹಿತವೆನಿಸಿತೆಂದು ಆ ಗುಳಿಗೆಯನ್ನು ಬಿಡಬಾರದು. ಜ್ಯೇಷ್ಠಮಧುವಿನಂಥ ಸೌಮ್ಯ ಮೂಲಿಕೆಯೂ ಅತಿಯಾದರೆ ದೇಹದ ಪೊಟ್ಯಾಸಿಯಂ ತಗ್ಗಿಸಿ ಲಯವನ್ನು ಇನ್ನಷ್ಟು ಕೆಡಿಸಬಲ್ಲದು. ಆದ್ದರಿಂದ ಸೇವಿಸುವ ಪ್ರತಿಯೊಂದು ಔಷಧವನ್ನೂ ಎರಡೂ ಪದ್ಧತಿಯ ವೈದ್ಯರಿಗೆ ತಿಳಿಸಿರಿ.

ಆ ಶಿಕ್ಷಕರು ತಜ್ಞರ ಒಪ್ಪಿಗೆ ಪಡೆದು ಮತ್ತೆ ನಡೆಯತೊಡಗಿದ್ದಾರೆ. ಗುಳಿಗೆಯನ್ನು ತಪ್ಪಿಸುವುದಿಲ್ಲ. ಕೈಗಡಿಯಾರವನ್ನು ಮನೆಯಲ್ಲೇ ಬಿಟ್ಟು, ಮಡದಿಯೊಡನೆ ಮಾತನಾಡುತ್ತ ಅರ್ಧ ಗಂಟೆ ನಡೆದು ಬರುತ್ತಾರೆ.