ಗೃಹಯಂತ್ರ ವಿಚಾರ: ತಿರುಗದ ಬೀಸಣಿಗೆ

ಈ ಸಾರಿ ಅಡಿಗೆಯ ಮನೆಯ ಮಿಕ್ಸಿಯನ್ನು ಕುರಿತು ಬರೆಯುವೆವೆಂದು ಹಿಂದಿನ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆವು. ಆದರೆ ನಡುವೆ ನಮ್ಮ ಮನೆಯಲ್ಲಿಯೇ ಒಂದು ಪ್ರಸಂಗವು ಒದಗಿ, ಅದರಲ್ಲಿ ನಮ್ಮ ಸೋದರಳಿಯನ ಮುಂಗೈ ಬೆಂದು, ನಮ್ಮ ಜಂಬವೂ ಸ್ವಲ್ಪ ಇಳಿದುದರಿಂದ, ಮಿಕ್ಸಿಯು ಇನ್ನೊಂದು ತಿಂಗಳು ಕಾದಿರಲೆಂದು ವಾಚಕ ಮಹಾಶಯರನ್ನು ಬೇಡಿಕೊಳ್ಳುತ್ತೇವೆ.

ಸೋದರಳಿಯನು ಬೆಂಗಳೂರಿನ ಜಯನಗರದಲ್ಲಿ ನಮ್ಮೊಡನೆ ಇದ್ದುಕೊಂಡು, ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ತನ್ನ ಕಚೇರಿಗೆ ಮೋಟಾರು ಸೈಕಲ್ಲಿನ ಮೇಲೆ ಹೋಗಿಬರುವನು. ಬೇಸಗೆ ಮೊದಲಾದಂದಿನಿಂದ, ಸಿಲ್ಕ್ ಬೋರ್ಡಿನ ಕೂಡುದಾರಿಯಲ್ಲಿ ವಾಹನಗಳ ಸಾಲಿನೊಳಗೆ ಸಿಕ್ಕಿ ನಿಂತಾಗಲೆಲ್ಲ, ಉಷ್ಣವು ಮಿತಿಮೀರಿತೆಂದು ತಿಳಿಸುವ ಕೆಂಪು ದೀಪವು ಹೊತ್ತಿಕೊಳ್ಳುವುದು. ದಾರಿ ಸಿಕ್ಕಿ ಗಾಡಿಯು ಓಡತೊಡಗಿದ ನಾಲ್ಕಾರು ನಿಮಿಷಗಳಲ್ಲಿ ತಾನಾಗಿಯೇ ಆರುವುದು. ಒಂದು ಸಂಜೆ ಆ ದೀಪವು ಆರದೆಯೇ ಇದ್ದರೂ ಹುಡುಗನು ಮನೆಯವರೆಗೆ ಓಡಿಸಿಕೊಂಡು ಬಂದನು. "ನೀರು ಕಡಿಮೆಯಾಗಿದೆಯೋ ಏನೋ ಮಾವ, ನೋಡಿಬಿಡುತ್ತೇನೆ" ಎಂದು ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದನು. ನಾವು ಬೇಡವೆನ್ನುವಷ್ಟರಲ್ಲಿ ಕುದಿನೀರು ಬುಗ್ಗೆಯಂತೆ ಚಿಮ್ಮಿತು.

ಇದರ ಕಾರಣವನ್ನು ಅರಿತರೆ ಮತ್ತಾರೂ ಈ ಸಾಹಸಕ್ಕೆ ಕೈಹಾಕಲಾರರು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುವುದು. ರೇಡಿಯೇಟರಿನೊಳಗಾದರೋ, ಮುಚ್ಚಳದ ಸ್ಪ್ರಿಂಗು ಒತ್ತಡವನ್ನು ಹಿಡಿದಿರಿಸುವ ಕಾರಣ, 110 ಡಿಗ್ರಿಯಲ್ಲಿಯೂ ಅದು ಕುದಿಯದೆ ಇರಬಲ್ಲುದು. ಮುಚ್ಚಳ ಸಡಿಲವಾದೊಡನೆ ಒತ್ತಡ ಕಳಚಿ, ಒಮ್ಮೆಲೇ ಉಕ್ಕಿ ಹೊರಬೀಳುವುದು. ಹಬೆ ಇಳಿಯುವ ಮೊದಲು ಪ್ರೆಷರ್ ಕುಕ್ಕರನ್ನು ತೆರೆಯಬಾರದೆಂದು ಮನೆಯ ಹೆಂಗಸರೆಲ್ಲರೂ ಬಲ್ಲರು. ಅದೇ ಕುಕ್ಕರು ಎರಡು ಚಕ್ರಗಳ ಮೇಲೆ ಬಂದು ನಿಂತರೆ ಗಂಡಸರು ಮರೆಯುವರು! ಹುಡುಗನ ಕೈಯನ್ನು ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಸಿ, ನೆರೆಮನೆಯಾಕೆ ತಂದ ಹಲ್ಲುಜ್ಜುವ ಪೇಸ್ಟನ್ನು ವಿನಯದಿಂದ ಹಿಂದಕ್ಕೆ ಕಳುಹಿಸಿ, ವೈದ್ಯರಲ್ಲಿಗೆ ಕರೆದೊಯ್ದೆವು. ಬೊಬ್ಬೆ ಎದ್ದಿತಾದರೂ ದೇವರ ದಯದಿಂದ ಮುಖಕ್ಕೇನೂ ಆಗಲಿಲ್ಲ.

ಇನ್ನು ಗಾಡಿಯ ರೋಗದ ಮಾತು. ನಾವು ಯೌವನದಲ್ಲಿ ಓಡಿಸಿದುದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬಂಡಿಯನ್ನು. ಅದಕ್ಕೆ ನೀರಿಲ್ಲ, ಬೀಸಣಿಗೆಯಿಲ್ಲ. ಇಂಜಿನ್ನಿನ ಮೈಮೇಲಿನ ಲೋಹದ ರೆಕ್ಕೆಗಳಿಗೆ ಗಾಳಿ ತಗುಲಿದರೆ ಸಾಕಾಗಿತ್ತು. ಈಗಿನ ಅನೇಕ ಬಂಡಿಗಳಲ್ಲಿ ಬಿಸಿಯನ್ನು ನೀರು ಹೊತ್ತು ತಂದು ರೇಡಿಯೇಟರಿಗೆ ಒಪ್ಪಿಸುವುದು. ಓಡುವಾಗ ಎದುರುಗಾಳಿಯೇ ಅದನ್ನು ತಂಪುಮಾಡುವುದು. ನಿಂತಾಗ ಗಾಳಿಯಿಲ್ಲವಷ್ಟೆ, ಆಗ ರೇಡಿಯೇಟರಿನ ಬೆನ್ನಿಗಿರುವ ವಿದ್ಯುತ್ತಿನ ಬೀಸಣಿಗೆಯು ತಾನಾಗಿ ತಿರುಗಬೇಕು. ಓಡುವಾಗಲೂ ಬಿಸಿಯೇರುವುದಾದರೆ ನೀರು ಸೋರಿರಬಹುದು, ಪಂಪು ಕೆಟ್ಟಿರಬಹುದು, ರೇಡಿಯೇಟರು ಕಟ್ಟಿರಬಹುದು. ನಿಂತಾಗ ಮಾತ್ರ ಏರಿ, ಓಡಿದಾಗ ಇಳಿಯುವುದಾದರೆ ಮೊದಲ ಅನುಮಾನವು ಬೀಸಣಿಗೆಯ ಮೇಲೆ ಬೀಳಬೇಕು. ಸಿಲ್ಕ್ ಬೋರ್ಡಿನ ಕೆಂಪು ದೀಪವು ಇಷ್ಟನ್ನು ಹದಿನೈದು ದಿನಗಳಿಂದ ಹೇಳುತ್ತಲೇ ಇತ್ತು, ಕೇಳುವವರಿರಲಿಲ್ಲ.

ಮರುದಿನ ಬಂದ ಮೆಕ್ಯಾನಿಕ್ಕನು ಇಂಜಿನ್ನನ್ನು ಬಿಸಿಯಾಗಿಸಿ, ಬೀಸಣಿಗೆಯ ಸಾಕೆಟ್ಟನ್ನು ಬಿಡಿಸಿ, ಗಾಡಿಯ ಕಡೆಯ ತುದಿಗೆ ಮೀಟರನ್ನು ತಾಗಿಸಿದನು. ಮೀಟರು 12 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸಿತು. "ಕರೆಂಟು ಸರಿಯಾಗಿ ಬರುತ್ತಿದೆ ಸ್ವಾಮಿ, ಫ್ಯಾನೇ ಹೋಗಿದೆ. ಹೊಸದು ತರಿಸಬೇಕು" ಎಂದನು. ಹೊಸದರ ಬೆಲೆಯನ್ನು ಕೇಳಿ ಹುಡುಗನು ಗಾಡಿಯನ್ನೇ ಮಾರಿಬಿಡುವೆನೆಂದು ಹೊರಟನು. ಮೂರು ವರ್ಷ ಸಂಬಳದಲ್ಲಿ ಕಂತು ಕಟ್ಟಿ ಕೊಂಡ ಗಾಡಿ! ನಾವೂ ಮೀಟರನ್ನು ಕಣ್ಣಾರೆ ಕಂಡವರಾಗಿ, ಬಲ್ಲವರಂತೆ ತಲೆದೂಗಿದೆವು. ಇದನ್ನು ಹೇಳಿಕೊಳ್ಳಲು ನಮಗೆ ನಾಚಿಕೆಯಿದೆ.

ರಾತ್ರಿ ಮಲಗಿದ ಮೇಲೆ ಒಂದು ಪ್ರಶ್ನೆ ಹುಟ್ಟಿತು. ಬೀಸಣಿಗೆಯು ಸತ್ತಿದೆಯೆಂದು ಎಲ್ಲರೂ ಹೇಳಿದರಲ್ಲದೆ ಅದರ ನಾಡಿಯನ್ನು ಹಿಡಿದು ನೋಡಿದವರು ಯಾರು? ಬೆಳಗ್ಗೆ ಇಂಜಿನ್ನು ಪೂರ್ಣ ತಣ್ಣಗಿರುವಾಗ ಅದರ ಎರಡು ತಂತಿಗಳನ್ನು, ನಡುವೆ ಒಂದು ಫ್ಯೂಸನ್ನಿಟ್ಟು, ಕೂಡು ಕಳೆಗಳು ಅದಲುಬದಲಾಗದಂತೆ ನೇರವಾಗಿ ಬ್ಯಾಟರಿಗೆ ತಾಗಿಸಿದೆವು. ಬೀಸಣಿಗೆಯು ಬರ್ರೆಂದು ತಿರುಗಿತು. ಇನ್ನೂ ಕೊಳ್ಳದ ಹೊಸ ಬೀಸಣಿಗೆಯ ಹಣವು ಆ ಕ್ಷಣದಲ್ಲಿಯೇ ಉಳಿಯಿತು. (ಬೆರಳುಗಳನ್ನು ದೂರವಿಡಬೇಕು. ಕೆಲವು ಗಾಡಿಗಳಲ್ಲಿ ಬಿಸಿಯಿರುವಾಗ ಕೀಲಿ ತೆಗೆದ ಮೇಲೂ ಅದು ತಟ್ಟನೆ ತಿರುಗುವುದುಂಟು.)

ಆದರೆ ಒಗಟು ಮತ್ತಷ್ಟು ಬಿಗಿಯಾಯಿತು. ಬೀಸಣಿಗೆ ನೆಟ್ಟಗಿದೆ, ವಿದ್ಯುತ್ತು ಬಂದಿದೆ, ಎರಡನ್ನೂ ಕೂಡಿಸಿದರೆ ತಿರುಗದು! ಇಲ್ಲಿಯೇ ಮೀಟರು ನಮ್ಮನ್ನು ಮೋಸಗೊಳಿಸಿದುದು. ಹೂಳು ಕಟ್ಟಿದ ನೀರಿನ ಕೊಳವೆಯನ್ನು ನೆನೆಯಿರಿ. ನಲ್ಲಿ ಮುಚ್ಚಿರುವಾಗ ಒತ್ತಡವು ಪೂರ್ಣವಾಗಿಯೇ ಇರುವುದು. ತೆರೆದರೆ ತೊಟ್ಟು ತೊಟ್ಟಾಗಿ ಬೀಳುವುದು. ಮೀಟರು ಅಳೆಯುವಾಗ ಎಳೆದುಕೊಳ್ಳುವ ವಿದ್ಯುತ್ತು ಇಲ್ಲವೆನ್ನುವಷ್ಟು ಅಲ್ಪ, ಆದುದರಿಂದ ತುಕ್ಕು ಹಿಡಿದ ಸಂಧಿಯಾಚೆಗೂ ಅದಕ್ಕೆ 12 ವೋಲ್ಟು ಕಾಣುವುದು. ಬೀಸಣಿಗೆಗಾದರೋ ಕೆಲವು ಆಂಪೇರುಗಳು ಬೇಕು; ಆ ಸಂಧಿಯು ಅಷ್ಟನ್ನು ಬಿಡದು.

ಅದಕ್ಕಾಗಿ ಮೀಟರನ್ನು ಬದಿಗಿಟ್ಟು, ಗಾಡಿಯ ತಿರುವುದೀಪದ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿದೆವು. ಅಂಗಳದಲ್ಲಿ, ಗಾಳಿಯಾಡುವೆಡೆಯಲ್ಲಿ ಇಂಜಿನ್ನನ್ನು ಬಿಸಿಯಾಗಿಸಿ (ಮುಚ್ಚಿದ ಕೊಠಡಿಯಲ್ಲಿ ಹೊಗೆಯು ಪ್ರಾಣ ತೆಗೆಯುವುದು), ಬಲ್ಬನ್ನು ಬೀಸಣಿಗೆಯ ಸ್ಥಾನದಲ್ಲಿ ಸಾಕೆಟ್ಟಿಗೆ ತಾಗಿಸಲು, ಒಳಗಿನ ಎಳೆಯು ಊದುಬತ್ತಿಯ ಕೆಂಡದಂತೆ ಮಿಣುಕಿತು ಅಷ್ಟೆ. ಒಂದು ತಂತಿಯನ್ನು ಅಲ್ಲಿಯೇ ಬಿಟ್ಟು, ಕಳೆಯ ತಂತಿಯನ್ನು ನೇರವಾಗಿ ಬ್ಯಾಟರಿಯ ಕಳೆ ತುದಿಗೆ ಮುಟ್ಟಿಸಿದೆವು. ಬಲ್ಬು ಪ್ರಕಾಶಮಾನವಾಗಿ ಬೆಳಗಿತು! ಹಾಗಾದರೆ ವಿದ್ಯುತ್ತು ಬರುವ ದಾರಿಯಲ್ಲಿ ದೋಷವಿಲ್ಲ, ಹಿಂದಿರುಗುವ ದಾರಿಯಲ್ಲಿದೆ. ಆ ತಂತಿಯನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋದಾಗ, ಅದು ಗಾಡಿಯ ಚೌಕಟ್ಟಿಗೆ ಬೋಲ್ಟಿನಿಂದ ಬಿಗಿದ ಒಂದು ತಾಮ್ರದ ಬಳೆಯಲ್ಲಿ ಮುಗಿದಿತ್ತು. ಬೋಲ್ಟನ್ನು ಬಿಚ್ಚಲು ಬಳೆಯ ಕೆಳಗೆ ಹಸುರು ಕಿಲುಬೂ ಕೆಂಪು ತುಕ್ಕೂ ಬೆರಳುಗುರಿನಷ್ಟು ದಪ್ಪ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟಿದ್ದೆವು.

ಬ್ಯಾಟರಿಯನ್ನು ಬಿಡಿಸಿ, ಬಳೆಯನ್ನೂ ಚೌಕಟ್ಟಿನ ಆ ಸ್ಥಳವನ್ನೂ ಉಜ್ಜುಕಾಗದದಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿಯಾಗಿ ಕೂಡಿಸಿ, ನೀರು ತಗುಲದಂತೆ ಮೇಲೆ ವ್ಯಾಸಲೀನು ಸವರಿದೆವು. ಉಜ್ಜುಕಾಗದದ ಬೆಲೆಯನ್ನು ಬರೆಯುವುದು ಅನಾವಶ್ಯಕ.

ಎಲ್ಲ ಮನೆಗಳ ಗಾಡಿಗಳಲ್ಲಿಯೂ ದೋಷವು ಇದೇ ಸ್ಥಳದಲ್ಲಿರುವುದೆಂದು ನಾವು ಹೇಳಲಾರೆವು. ಫ್ಯೂಸನ್ನು ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು. ಸುಟ್ಟಿದ್ದರೆ ಅಷ್ಟೇ ಆಂಪೇರಿನದನ್ನೇ ಹಾಕಬೇಕು. ಮತ್ತೆ ಸುಟ್ಟರೆ ಕಾರಣವನ್ನು ಹುಡುಕಬೇಕಲ್ಲದೆ ದಪ್ಪ ತಂತಿಯನ್ನು ಸಿಕ್ಕಿಸುವುದು ಪೆಟ್ರೋಲಿನ ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚಿದಂತೆ. ಆಮೇಲೆ ರಿಲೇ, ಪಕ್ಕದಲ್ಲಿ ಅದೇ ಜಾತಿಯದೊಂದಿದ್ದರೆ ಅದಲುಬದಲು ಮಾಡಿದಾಗ ಗುಟ್ಟು ಹೊರಬೀಳುವುದು. ಹಳೆಯ ಮಾದರಿಗಳಲ್ಲಿ ಉಷ್ಣದ ಸ್ವಿಚ್ಚಿನ ಎರಡು ತಂತಿಗಳನ್ನು ಕ್ಷಣಕಾಲ ಕೂಡಿಸಿ ನೋಡಬಹುದು. ಕಂಪ್ಯೂಟರಿರುವ ಹೊಸ ಮಾದರಿಗಳಲ್ಲಿ ಮಾತ್ರ ಈ ಪ್ರಯೋಗ ಬೇಡ, ಕೈಪಿಡಿಯನ್ನು ನೋಡತಕ್ಕದ್ದು. ಸ್ವಿಚ್ಚೊಂದನ್ನಿಟ್ಟು ಬೀಸಣಿಗೆಯನ್ನು ಕೈಯಿಂದಲೇ ಓಡಿಸಿಕೊಳ್ಳಿರೆಂದು ಸಲಹೆ ಕೊಡುವವರೂ ಉಂಟು. ಮನೆ ಮುಟ್ಟುವ ಉಪಾಯವಾಗಿ ಅದನ್ನು ಒಪ್ಪಬಹುದು. ಆದರೆ ಮನುಷ್ಯನು ಮರೆಯುವ ಪ್ರಾಣಿ.

ಚೆಲ್ಲಿಹೋದ ನೀರಿನ ಬದಲಿಗೆ ಕೊಳವೆಬಾವಿಯ ನೀರನ್ನು ಸುರಿಯದೆ ಅಂಗಡಿಯ ಕೂಲೆಂಟನ್ನೇ ತುಂಬಿದೆವು. ಗೀಸರಿನೊಳಗೆ ಸುಣ್ಣ ಕಟ್ಟುವ ನೀರು ರೇಡಿಯೇಟರಿನ ಸಣ್ಣ ನಾಳಗಳನ್ನು ಬಿಡುವುದೆ? ಆದರೆ ಅನೇಕ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣಕ್ಕೆ ವಿಷ. ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಎಟುಕದಂತೆ ಕಪಾಟಿನಲ್ಲಿ ಬೀಗ ಹಾಕಿಡತಕ್ಕದ್ದು.

ಎಲ್ಲವನ್ನೂ ಕೂಡಿಸಿ ಅಂಗಳದಲ್ಲಿ ಇಂಜಿನ್ನನ್ನು ನಡೆಸುತ್ತ ಕಾದು ನಿಂತೆವು. ಉಷ್ಣದ ಗೆರೆಗಳು ಒಂದೊಂದಾಗಿ ಏರಿದವು. ಹುಡುಗನು ಬಟ್ಟೆ ಕಟ್ಟಿದ ಕೈಯನ್ನು ಎದೆಗವಚಿಕೊಂಡು ಮಾತಿಲ್ಲದೆ ನಿಂತಿದ್ದನು. ಕೆಂಪು ದೀಪಕ್ಕೆ ಒಂದು ಗೆರೆ ಉಳಿದಿರುವಾಗ ಬೀಸಣಿಗೆಯು ತಾನಾಗಿ ತಿರುಗತೊಡಗಿ, ಕಾಲಿಗೆ ಬಿಸಿಗಾಳಿ ಬಡಿದು, ಗೆರೆ ಇಳಿದು, ಸ್ವಲ್ಪ ಹೊತ್ತಿಗೆ ನಿಂತಿತು. "ಮಾರುವುದಿಲ್ಲ ಮಾವ" ಎಂದನು.

ಬಳೆಯೊಳಗೆ ಅಷ್ಟು ನೀರು ಹೊಕ್ಕುದು ಹೇಗೆಂದು ಅವನು ಕೇಳಲಿಲ್ಲ, ನಾವೇ ಹೇಳಬೇಕಾಯಿತು. ಗಾಡಿಯು ಹೊಳೆಯುತ್ತಿರಬೇಕೆಂಬ ಆಸೆಯಿಂದ, ಅದನ್ನು ಭಾನುವಾರ ಭಾನುವಾರವೂ ರಭಸದ ನೀರಿನಿಂದ ತೊಳೆಯುವ ಅಂಗಡಿಗೆ ಒಯ್ದು, "ರೇಡಿಯೇಟರಿನ ಹಿಂದೆಯೂ ಚೆನ್ನಾಗಿ ಹೊಡೆಯಪ್ಪ" ಎಂದು ನಿಂತು ಹೇಳಿ ತೊಳೆಸುತ್ತಿದ್ದವರು ನಾವೇ. ಈಗ ಬಕೆಟ್ಟು ಮತ್ತು ಹಳೆಯ ಪಂಚೆಯ ತುಂಡು.