ಸ್ಕಿಜೋಫ್ರೀನಿಯಾಕ್ಕೆ ಇಮ್ಯೂನಿಟಿ ಕಷಾಯವಂತೆ!

"ಸ್ಕಿಜೋಫ್ರೀನಿಯಾ ಮನಸ್ಸಿನ ಕಾಯಿಲೆಯೇ ಅಲ್ಲ, ರೋಗನಿರೋಧಕ ಶಕ್ತಿಯ ಕಾಯಿಲೆ. ಇಮ್ಯೂನಿಟಿ ಹೆಚ್ಚಿಸಿ, ಮಾತ್ರೆ ಬಿಡಿ." ಇಂಥದ್ದೊಂದು ಸಂದೇಶ ವಾಟ್ಸಾಪಿನಲ್ಲಿ ಓಡಾಡ್ತಿದೆ. ಕೆಳಗೆ ಅಮೃತಬಳ್ಳಿ ಕಷಾಯ ಮಾಡೋ ವಿಧಾನ ಬೇರೆ. ಓದಿ ಮೈಯೆಲ್ಲ ಉರಿದುಹೋಯ್ತು.

ಕೇಡು ಏನಪ್ಪಾ ಅಂದ್ರೆ, ಇದರಲ್ಲಿ ಕಾಲುಭಾಗ ನಿಜ ಇದೆ. 2014ರಲ್ಲಿ ಸುಮಾರು 37,000 ರೋಗಿಗಳ ಡಿಎನ್‌ಎಯನ್ನು ಕಾಯಿಲೆ ಇಲ್ಲದವರ ಡಿಎನ್‌ಎ ಜೊತೆ ಹೋಲಿಸಿದರು. ಕಾಯಿಲೆಗೆ ನಂಟಿರೋ 108 ಜಾಗ ಸಿಕ್ಕವು. ಎಲ್ಲಕ್ಕಿಂತ ಗಟ್ಟಿ ಸುಳಿವು ಇದ್ದದ್ದು ಆರನೇ ಕ್ರೋಮೋಸೋಮಿನಲ್ಲಿ, ರೋಗನಿರೋಧಕ ಜೀನುಗಳು ಒತ್ತೊತ್ತಾಗಿ ಕೂತಿರೋ ಕಡೆ. 2016ರಲ್ಲಿ ಸ್ಟೀವನ್ ಮೆಕ್ಯಾರೊಲ್ ಅವರ ತಂಡ ಅಲ್ಲಿಂದ ಒಂದು ಜೀನನ್ನು ಹೆಕ್ಕಿ ತೆಗೆಯಿತು. ಹೆಸರು ಸಿ4. ದೇಹದಲ್ಲಿ ಅದರ ಕೆಲಸ ರೋಗಾಣುಗಳಿಗೆ "ಇದನ್ನ ತಿಂದುಹಾಕಿ" ಅಂತ ಗುರುತು ಹಾಕೋದು. ಮಿದುಳಿನಲ್ಲಿ ನರಕೋಶಗಳ ನಡುವಿನ ಬೇಡದ ಬೆಸುಗೆಗಳನ್ನ ಕಿತ್ತುಹಾಕೋದರಲ್ಲೂ ಅದರ ಕೈ ಇದೆ ಅಂತ ಇಲಿಗಳಲ್ಲಿ ಕಂಡಿದ್ದಾರೆ. ಹರೆಯದಲ್ಲಿ ಈ ಕಳೆ ಕೀಳೋ ಕೆಲಸ ಅತಿಯಾಗಿ, ಬೆಳೆಯೂ ಹೋಗುತ್ತೇನೋ ಅನ್ನೋದು ಈಗಿನ ಊಹೆ.

ಈಗ ಹೇಳಿ ಸ್ವಾಮೀ, ಸಿ4 ಹೆಚ್ಚು ತಯಾರಾಗುವವರಲ್ಲೇ ಕಾಯಿಲೆಯ ಅಪಾಯ ಜಾಸ್ತಿ. ಅದೂ ತುಸುವೇ ಜಾಸ್ತಿ. ಆ ಜೀನು ಇರೋ ಬಹುಪಾಲು ಜನರಿಗೆ ಏನೂ ಆಗಲ್ಲ. ಅಂದಮೇಲೆ "ಹೆಚ್ಚಿಸಿ" ಅನ್ನೋ ಉಪದೇಶ ಎಲ್ಲಿಂದ ಬಂತು? ಇಮ್ಯೂನಿಟಿ ಅಂದ್ರೆ ಸಂಪಿನ ನೀರಾ, ತುಂಬಿದಷ್ಟೂ ಒಳ್ಳೇದು ಅನ್ನೋಕೆ?

ನನಗೆ ಗೊತ್ತಿರೋ ಒಬ್ಬ ತಾಯಿ ಮಗನಿಗೆ ದಿನಾ ರಾತ್ರಿ ಎಣಿಸಿ ಮಾತ್ರೆ ಕೊಡ್ತಾರೆ. ಈ ಸಂದೇಶ ನೋಡಿ "ನಿಲ್ಲಿಸಿಬಿಡಲೇನಪ್ಪಾ?" ಅಂತ ಫೋನ್ ಮಾಡಿದ್ರು. ಹಾಗೆ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸೋ ಅಪಾಯ ಎಷ್ಟು ಅನ್ನೋದು ಫಾರ್ವರ್ಡ್ ಮಾಡಿದವರಿಗೆ ಗೊತ್ತಾ? ಮರುಕಳಿಸಿದಾಗ ಆಸ್ಪತ್ರೆಗೆ ಓಡೋದು ಅವರಲ್ಲ ಬಿಡಿ.

ಉರಿಯೂತ ತಗ್ಗಿಸಿ ನೋಡೋ ಪ್ರಯತ್ನವೂ ಆಗಿದೆ. ಬ್ರಿಟನ್ನಿನಲ್ಲಿ 207 ರೋಗಿಗಳ ಮೇಲೆ ಮಿನೊಸೈಕ್ಲಿನ್ ಪ್ರಯೋಗಿಸಿದರು. 2018ರಲ್ಲಿ ಬಂದ ಫಲಿತಾಂಶ: ಉಪಯೋಗವಿಲ್ಲ.

ಹಾಗಂತ ಈ ದಾರಿ ದಂಡ ಅಂತಲ್ಲ. 2007ರಲ್ಲಿ ಜೋಸೆಪ್ ಡಾಲ್ಮೌ ತಂಡ ವಿವರಿಸಿದ ಒಂದು ಮಿದುಳಿನ ಉರಿಯೂತ ಇದೆ. ದೇಹದ ಪ್ರತಿಕಾಯಗಳೇ ಮಿದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೆ ಬೀಳ್ತವೆ. ಶುರುವಿನಲ್ಲಿ ಥೇಟ್ ಸ್ಕಿಜೋಫ್ರೀನಿಯಾ ಥರಾನೇ ಕಾಣಬಹುದು. ಅದಕ್ಕೆ ಕೊಡೋದು ರೋಗನಿರೋಧಕ ವ್ಯವಸ್ಥೆಯನ್ನ ಹದ್ದಿಗೆ ತರೋ ಸ್ಟೀರಾಯ್ಡ್‌ನಂಥ ಔಷಧಿ, ಬೂಸ್ಟರ್ ಅಲ್ಲ! ಮನೆಯಲ್ಲಿ ಯಾರಿಗಾದರೂ ಕೆಲವೇ ವಾರಗಳಲ್ಲಿ ಬುದ್ಧಿ ಕದಡಿ, ಜೊತೆಗೆ ಫಿಟ್ಸ್ ಅಥವಾ ಬಾಯಿ-ಕೈಗಳ ವಿಚಿತ್ರ ಚಲನೆ ಕಂಡರೆ, ಬೆನ್ನುಹುರಿ ದ್ರವದ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನ ಕೇಳಿ. ಫಾರ್ವರ್ಡ್ ಮಾಡಲೇಬೇಕು ಅಂತಿದ್ರೆ ಇದನ್ನ ಮಾಡಿ.