ಮೊದಲು ಬಿಡಾರ, ಆಮೇಲೆ ದಾರಿ

ರಜೆ ಬಂತೆಂದರೆ ಬೆಂಗಳೂರು, ಮೈಸೂರು ಕಡೆಯ ಜೀಪುಗಳು ನಮ್ಮ ತಾಳವಾಡಿಯತ್ತ ಮುಖ ಮಾಡುತ್ತವೆ. ಕೆಲವರು ಹಿಂದೆ ಟ್ರೇಲರ್ ಕಟ್ಟಿಕೊಂಡೇ ಬರುತ್ತಾರೆ. ಅದರಲ್ಲಿ ಡೇರೆ, ಅಡುಗೆ ಸಾಮಾನು, ನೀರಿನ ಡ್ರಮ್ಮು ಎಲ್ಲ ಇರುತ್ತದೆ. ಟ್ರೇಲರನ್ನು ಒಂದು ಕಡೆ ಬಿಚ್ಚಿಟ್ಟು, ಹಗುರಾದ ಜೀಪಿನಲ್ಲಿ ಕಲ್ಲು ಕೆಸರಿನ ದಾರಿ ಸುತ್ತಿ, ಸಂಜೆಗೆ ಬಿಡಾರಕ್ಕೆ ಮರಳುವುದು ಅವರ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಬಿಡಾರ ಎಲ್ಲಿ ಅಂತ ಮೊದಲೇ ಗೊತ್ತುಮಾಡಿಕೊಂಡು ಬರುವವರು ಕಡಿಮೆ. ಕತ್ತಲಾದ ಮೇಲೆ ಕಾಡಂಚಿನಲ್ಲಿ ಜಾಗ ಹುಡುಕುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ತಾಳವಾಡಿ ಈರೋಡ್ ಜಿಲ್ಲೆಗೆ ಸೇರಿದ್ದರೂ ನೆಲದ ನಂಟು ಚಾಮರಾಜನಗರದ ಬಯಲಿನ ಜೊತೆಗೇ. ಸತ್ಯಮಂಗಲದ ಕಡೆಯಿಂದ ಬರಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಹತ್ತಬೇಕು. ತಿರುವಿನಲ್ಲಿ ಟ್ರೇಲರಿನ ಚಕ್ರ ಜೀಪಿನ ಜಾಡಿನಲ್ಲೇ ಬರುವುದಿಲ್ಲ, ಒಳಬದಿಗೆ ಎಳೆದುಕೊಳ್ಳುತ್ತದೆ. ಎದುರಿಗೆ ಲಾರಿ ಬಂದರೆ ಮುಗಿಯಿತು. ಸಾಲದ್ದಕ್ಕೆ, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹಾಗಾಗಿ ಟ್ರೇಲರಿನವರಿಗೆ ಚಾಮರಾಜನಗರದ ದಾರಿಯೇ ಲೇಸು.

ಬಂದ ಮೇಲೆ ನಿಲ್ಲುವುದೆಲ್ಲಿ? ಸತ್ಯಮಂಗಲ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಅನುಮತಿಯಿಲ್ಲದೆ ಕಾಡೊಳಗೆ ನುಗ್ಗಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಂಡಿ ಜಾಡು ಕಂಡಿತೆಂದು ಅದು ಎಲ್ಲರ ರಸ್ತೆಯಾಗುವುದಿಲ್ಲ. ಉಳಿದದ್ದು ಊರಿನ ಪಟ್ಟಾ ಜಮೀನು. ಕೊಯ್ಲು ಮುಗಿದ ಹೊಲ, ಒಡೆಯನ ಒಪ್ಪಿಗೆ, ಇವೆರಡಿದ್ದರೆ ಸಾಕು. ಟ್ರೇಲರ್ ಸಮೇತ ಪೂರ್ತಿ ತಿರುಗಿಸಲು ಜಾಗವಿರಬೇಕು, ಇಲ್ಲವೇ ಹೊರಡಲು ಇನ್ನೊಂದು ದಾರಿಯಿರಬೇಕು. ಮಳೆ ಬಿದ್ದರೆ ಎರೆಮಣ್ಣು ಚಕ್ರ ಬಿಡುವುದಿಲ್ಲ, ಗಟ್ಟಿ ನೆಲ ನೋಡಿಕೊಳ್ಳಬೇಕು. ಕಬ್ಬು, ಬಾಳೆ ತೋಟದ ಮಗ್ಗುಲು ಬೇಡ, ಕೆರೆಯ ದಡವೂ ಬೇಡ. ಅವು ಆನೆ ಓಡಾಡುವ ಜಾಗ. ನಮ್ಮ ರೈತರು ರಾತ್ರಿಯೆಲ್ಲ ಕಾವಲು ಕೂತು ಆನೆ ಅಟ್ಟುತ್ತಾರೆ. ಅಟ್ಟಿದ ಆನೆ ಯಾರದೋ ಡೇರೆಯ ಮೇಲೆ ಹೋದರೆ ಹೊಣೆ ಯಾರು, ಸ್ವಾಮಿ?

ಇದಕ್ಕೆ ವ್ಯವಸ್ಥೆ ಮಾಡಿಕೊಂಡವರಿದ್ದಾರೆ. ಅಮೆರಿಕದ ಯೂಟಾ ರಾಜ್ಯದ ಮೋಆಬ್ ಜೀಪಿನವರಿಗೆ ಹೆಸರಾದ ಊರು. 1967ರಿಂದ ಅಲ್ಲಿ ಈಸ್ಟರ್ ಜೀಪ್ ಸಫಾರಿ ನಡೆದುಬಂದಿದೆ. ಊರ ಪಕ್ಕದ ಸ್ಯಾಂಡ್ ಫ್ಲಾಟ್ಸ್ ಬಂಡೆ ಬಯಲನ್ನು ಸ್ಥಳೀಯ ಕೌಂಟಿ ಮತ್ತು ಕೇಂದ್ರದ ಭೂ ಇಲಾಖೆ ಸೇರಿ ನೋಡಿಕೊಳ್ಳುತ್ತವೆ. ಡೇರೆಗೆ ಗೊತ್ತುಮಾಡಿದ ಜಾಗ, ಜೀಪಿಗೆ ಗುರುತು ಹಾಕಿದ ಜಾಡು, ಪ್ರವೇಶಕ್ಕೆ ಶುಲ್ಕ. ಅದು ಮರುಭೂಮಿ, ನಮ್ಮದು ಆನೆಯ ಸೀಮೆ. ಜಾಡನ್ನು ನಕಲು ಮಾಡಬೇಕಿಲ್ಲ, ಕ್ರಮವನ್ನು ಕಲಿಯಬಹುದು.

ನಮ್ಮ ಪಂಚಾಯಿತಿಗಳು ಕಾಡಿನಿಂದ ದೂರದ ಎರಡು ಮೂರು ಬಯಲು ಗುರುತಿಸಲಿ. ನೀರು, ಶೌಚಾಲಯ, ಕಸದ ವ್ಯವಸ್ಥೆ ಮಾಡಿ ಬಾಡಿಗೆ ಪಡೆಯಲಿ. ಯಾವ ದಾರಿಯಲ್ಲಿ ಹೋಗಬಹುದು, ಯಾವುದರಲ್ಲಿ ಕೂಡದು ಎಂದು ಅರಣ್ಯ ಮತ್ತು ಕಂದಾಯ ಇಲಾಖೆಯವರು ಕೂತು ನಕ್ಷೆ ಮಾಡಲಿ. ಬೋರ್ಡು ತಮಿಳಿನಲ್ಲಿರಲಿ, ಕನ್ನಡದಲ್ಲೂ ಇರಲಿ. ಬರುವವರಲ್ಲಿ ಹೆಚ್ಚಿನವರು ಓದುವುದು ಕನ್ನಡವನ್ನೇ, ಊರಿನವರು ಆಡುವುದೂ ಕನ್ನಡವನ್ನೇ.

ಹೀಗೆ ಮಾಡಿದರೆ ಇನ್ನಷ್ಟು ಗಾಡಿ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರಬಹುದು. ಆದ್ದರಿಂದಲೇ ದಿನಕ್ಕೆ ಇಷ್ಟೇ ಗಾಡಿ ಎಂಬ ಮಿತಿಯೂ ಇರಲಿ. ಈಗ ಲೆಕ್ಕವೂ ಇಲ್ಲ, ಕೇಳುವವರೂ ಇಲ್ಲ. ಬಾಟಲಿ ಚೂರು ನಮ್ಮ ಹೊಲದಲ್ಲಿ, ಖರ್ಚು ಮಾಡಿದ ಹಣ ಎಲ್ಲೋ ದೂರದ ರೆಸಾರ್ಟಿನಲ್ಲಿ. ಬರುವ ಹಂಗಾಮಿಗೆ ಮುಂಚೆ ಪಂಚಾಯಿತಿ ಸಭೆಯಲ್ಲಿ ಈ ಮಾತು ಎತ್ತುವವರು ಬೇಕಾಗಿದ್ದಾರೆ.